ದಿಲಾವರನ ಎಡಗಣ್ಣು

೨೯ ಏಪ್ರಿಲ್ ೨೦೨೫, ಮಂಗಳವಾರ. ಬೆಳಿಗ್ಗೆ ೧೧

ಇವತ್ತು ಮೂರು ತಲೆ ಕುದಿಸಿದೆ. ಎರಡು ಸಲೀಸಾಗಿ ಕಿತ್ತು ಬಂದವು. ಮೂರನೆಯದು ಹಠಮಾರಿ. ಇನ್ನೆರಡು ನಿಮಿಷ ಬಿಸಿನೀರಲ್ಲಿಟ್ಟೆ, ಮೆತ್ತಗಾಗಿ ಕತ್ತು ಬಿಟ್ಟಿತು. ನಮ್ಮ ಮನೆಯವರು ಚಹಾ ಕೇಳಲು ಬಂದವರು ಪಾತ್ರೆಗೆ ಇಣುಕಿದರು. "ಮಂದಿ ಮನ್ಯಾಗ ಬ್ಯಾಳಿ ಕುದಿತಾವ, ನಮ್ಮನ್ಯಾಗ ತಲಿ ಕುದಿತಾವ." ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದ ಬಾಯಿ. ಮನುಷ್ಯ ರಿಟೈರ್ ಆದರೂ ಅದಕ್ಕೆ ರಜೆ ಇಲ್ಲ.

ಮೂರೂ ಪುಣೆಯ ಗಿರಾಕಿಗಳವು. ಹಳೇ ಆಕ್ಷನ್ ಫಿಗರ್‌ಗಳ ತಲೆ. ಬಣ್ಣ ಹೋದ ಗೊಂಬೆಗಳನ್ನು ಪಾರ್ಸಲ್ ಮಾಡುತ್ತಾರೆ, ನಾನು ಹೊಸ ಮುಖ ಬರೆದು ವಾಪಸ್ ಕಳಿಸುತ್ತೇನೆ. ಒಬ್ಬನಿಗೆ ಗಡ್ಡ ಬೇಕಂತೆ. ಒಬ್ಬನಿಗೆ ಕೆನ್ನೆ ಮೇಲೆ ಗಾಯ. ಇನ್ನೊಬ್ಬ ತನ್ನದೇ ಫೋಟೋ ಕಳಿಸಿದ್ದಾನೆ, ಸಿಪಾಯಿಗೆ ಆ ಮುಖ ಬರಬೇಕಂತೆ. ಗೊಂಬೆಯ ಬೋಳು ಮುಖವೇ ಇದಕ್ಕಿಂತ ಚಂದ. ಗಿರಾಕಿಗೆ ಹಾಗೆ ಹೇಳುವಂತಿಲ್ಲ.

ಅದೇ ದಿನ, ಸಂಜೆ ೬

ಸುರಪುರದಿಂದ ಒಬ್ಬ ಟೇಲರ್ ಬಂದಿದ್ದರು. ಜಲಾಲುದ್ದೀನ್ ಅಂತ. ಐವತ್ತರ ಆಸುಪಾಸು. ಕೊರಳಲ್ಲಿ ಅಳತೆ ಟೇಪು — ತೆಗೆಯುವುದನ್ನೇ ಮರೆತು ಬಸ್ ಹತ್ತಿದ್ದಾರೆ. ಟವೆಲ್ ಗಂಟು ಬಿಚ್ಚಿ ಮೇಜಿನ ಮೇಲಿಟ್ಟರು. ಗೇಣಿಗಿಂತ ತುಸು ಉದ್ದದ ಸಿಪಾಯಿ ಗೊಂಬೆ. ಕೈಕಾಲು ಗಟ್ಟಿಯಾಗಿವೆ. ಮೈಮೇಲೆ ಹಸಿರು ಮಖಮಲ್ಲಿನ ಪುಟ್ಟ ಶೇರ್ವಾನಿ. ಮುಖದಲ್ಲಿ ಮಾತ್ರ ಕಣ್ಣಿಲ್ಲ, ಹುಬ್ಬಿಲ್ಲ, ತುಟಿಯಿಲ್ಲ.

"ಅಕ್ಕಾರ, ಇಂವ ನಮ್ಮ ಆಪಾನ ದಿಲಾವರ ಸಾಬ್ರಿ. ಅಬ್ಬಾ ಕುವೈತದಾಗಿದ್ದಾಗ ಆಕೀಗಂತ ಕಳಸಿದ್ರು. ಈ ಶೇರ್ವಾನಿ ನಾ ಹೊಲ್ದದ್ದು, ಒಂಬತ್ತು ವರ್ಷದಂವ ಇದ್ದೆ. ನನ್ನ ಮೊದಲನೇ ಗಿರಾಕಿ ಇಂವನ."

ಆಮೇಲೆ ತಲೆ ತಗ್ಗಿಸಿ ಉಳಿದದ್ದನ್ನು ಹೇಳಿದರು. ಮರುವರ್ಷ ಈದ್ ಹಬ್ಬದ ಹಿಂದಿನ ದಿನ, ಅಕ್ಕನಿಗೆ ಖುಷಿಯಾಗಲಿ ಅಂತ ಗೊಂಬೆಯ ಮುಖವನ್ನು ಚಿಮಣಿ ಎಣ್ಣೆಯಲ್ಲಿ ತೊಳೆದರಂತೆ. ಕೊಳೆಯ ಜೊತೆ ಮುಖವೂ ಹೋಯಿತು. "ಬೋಳು ಮಾರಿ ಆಕೀಗೆ ತೋರ್ಸಾಕ ಧೈರ್ಯ ಆಗಲಿಲ್ರಿ. ಎಣ್ಣ್ಯಾಗ ತೊಳದೆ, ಮಾರಿ ಹೋತು, ಎಸದೆ ಅಂತ ಹೇಳಿ ಟ್ರಂಕಿನಾಗ ಮುಚ್ಚಿಟ್ಟೆ. ಮೂರು ದಿನ ಅತ್ಲು. ಈಗ ಮೊಮ್ಮಕ್ಕಳು ಅದಾವ, ಆದ್ರೂ ಫೋನ್ ಮಾಡಿದಾಗೆಲ್ಲ ಅಂತಾಳ, ನನ್ನ ದಿಲಾವರನ್ನ ಕೊಂದಂವ ನೀ ಅಂತ."

ಈ ಬಕ್ರೀದಿಗೆ ಆಪಾ ಹೈದರಾಬಾದಿನಿಂದ ತವರಿಗೆ ಬರುತ್ತಾಳೆ. ನೋಡಿದ ಕೂಡಲೇ ಅವಳು ಗುರುತು ಹಿಡಿಯಬೇಕು. "ಹೊಸಾ ಮಾರಿ ಬ್ಯಾಡ್ರಿ. ಅದs ಮಾರಿ ಬೇಕು."

ಫೋಟೋ ಇದೆಯಾ ಕೇಳಿದೆ. ಇಲ್ಲ. ಆದರೂ "ಆತ್ರಿ ಭಾಯಿ" ಅಂದುಬಿಟ್ಟೆ. ಈ ನಾಲಿಗೆಗೆ ಮೊದಲು ಬುದ್ಧಿ ಕಲಿಸಬೇಕು.

೧ ಮೇ. ಬೆಳಿಗ್ಗೆ ೭

ಎಳೆ ಬಿಸಿಲಿಗೆ ತಲೆಯನ್ನು ಓರೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಸಿಕ್ಕಿತು! ಬಣ್ಣ ಕೂತಿದ್ದ ಜಾಗವೆಲ್ಲ ತುಸು ತಿಳಿಯಾಗಿದೆ, ಸುತ್ತಲಿನದು ಬಿಸಿಲಿಗೆ ಕಂದಿದೆ. ಹುಬ್ಬು ಎಲ್ಲಿತ್ತು, ತುಟಿ ಎಷ್ಟು ಅಗಲ, ಎಲ್ಲ ಕಾಣುತ್ತದೆ. ಇವರನ್ನು ಕೂಗಿ ತೋರಿಸಿದೆ. "ನನಗೇನೂ ಕಾಣವಲ್ದು" ಅಂದರು. ಕಂಡಕ್ಟರ್ ಕಣ್ಣು. ಟಿಕೆಟ್ ತೆಗೆದುಕೊಳ್ಳದವರು ಮಾತ್ರ ಕಾಣುತ್ತಾರೆ.

ಎಡಗಣ್ಣಿನ ಗುರುತು ಮಾತ್ರ ಎಳ್ಳುಕಾಳಿನಷ್ಟು ಕೆಳಗೆ ಜಾರಿದೆ. ಅಚ್ಚಿನಲ್ಲಿರುವ ಕಣ್ಣಿನ ಗುಳಿಗೂ ಅದಕ್ಕೂ ತಾಳೆ ಇಲ್ಲ. ಕೊಳೆ ಇರಬೇಕು. ಒರೆಸಿದೆ, ಹೋಗಲಿಲ್ಲ. ಇರಲಿ — ಬಣ್ಣ ಬಿದ್ದರೆ ಮುಚ್ಚುತ್ತದೆ.

೪ ಮೇ, ಭಾನುವಾರ

ಮುಗಿಯಿತು. ಏನು ಮುಖ! ಹುಬ್ಬಿಗೆ ಮೂರೆಳೆ ಬ್ರಶ್. ತುಟಿಗೆ ನೀರಿನಂಥ ತೆಳು ಬಣ್ಣ, ನಾಲ್ಕು ಸಲ. ಕಣ್ಣು ಬರೆಯುವ ಮೊದಲು ಸ್ನಾನ ಮಾಡಿದೆ. ಅಪ್ಪನ ಅಭ್ಯಾಸ, ಕೈ ಬಿಡುವುದಿಲ್ಲ.

ಅಪ್ಪ ಹಳ್ಳಿಹಳ್ಳಿಯ ಊರಮ್ಮನ ಮೂರ್ತಿಗಳಿಗೆ ಬಣ್ಣ ಹಚ್ಚುತ್ತಿದ್ದರು. ಕಣ್ಣು ಕೊನೆಗೆ. ಕೆಂಭಾವಿಯಲ್ಲಿ ಒಮ್ಮೆ ಅಮ್ಮನಿಗೆ ಕಣ್ಣು ಬರೆದು ಮುಗಿಸುವವರೆಗೆ ನೀರೂ ಕುಡಿಯಲಿಲ್ಲ, ನಾನು ಬಣ್ಣದ ಬಟ್ಟಲು ಹಿಡಿದು ನಿಂತಿದ್ದೆ. ಉಸಿರು ಹಿಡಿದು ಎರಡನ್ನೂ ಒಂದೇ ತೂಕದಲ್ಲಿ ಬರೆಯಬೇಕು. ಎಡ ಬಲ ಕೂದಲೆಳೆಯಷ್ಟು ಏರುಪೇರಾದರೂ ಊರಿಗೆ ಒಳ್ಳೆಯದಲ್ಲ ಅನ್ನುತ್ತಿದ್ದರು. ನನ್ನ ಕೈ ಆ ಪಾಠದಲ್ಲಿ ಬೆಳೆದದ್ದು. ದಿಲಾವರನ ಕಣ್ಣು ನೋಡಿದ್ದರೆ ಅಪ್ಪ ಬೆನ್ನು ತಟ್ಟುತ್ತಿದ್ದರು.

೫ ಮೇ

ಜಲಾಲುದ್ದೀನ್ ಭಾಯಿ ಬಂದರು. ನೋಡಿದರು. ತುಂಬ ಹೊತ್ತು ನೋಡಿದರು.

"ಭಾಳ ಚಂದ ಬರದೀರಿ ಅಕ್ಕಾರ." ಅಷ್ಟು ಹೇಳಿ ಗೊಂಬೆಯನ್ನು ಮೇಜಿನ ಮೇಲಿಟ್ಟರು. ನಾನೇ ಕೆದಕಿದೆ. "ಆದರ... ಇಂವ ಬ್ಯಾರೆ ಯಾರೋ ಅದಾನ್ರಿ. ದಿಲಾವರನ ತಮ್ಮ ಇದ್ದಂಗ ಅದಾನ."

ಏನು ತಪ್ಪು ಅಂತ ಅವರಿಗೂ ಹೇಳಲು ಬರಲಿಲ್ಲ. ಹೊರಡುವಾಗ ಚಪ್ಪಲಿ ಮೆಟ್ಟಿಕೊಂಡು ತಟ್ಟನೆ ತಿರುಗಿದರು. "ಅಂವ ನಮ್ಮ ಕಡಿ ನೋಡ್ತಿರ್ಲಿಲ್ರಿ! ಎದುರಿಗೆ ಕುಂತ್ರೂ ಅಡಗಿಮನಿ ಕಡಿಗೆ ನೋಡ್ತಿದ್ದ. ದಿಲಾವರಗ ಹಸವಾಗೇತಿ ಅಂತ ಆಪಾ ತನ್ನ ರೊಟ್ಟ್ಯಾಗ ತುಣುಕು ಮುರದು ಇಡಾಕಿ. ನಿಮ್ಮ ದಿಲಾವರ ನನ್ನ ಮಾರೀನs ದಿಟ್ಟಿಸಿ ನೋಡಾಕತ್ತಾನ."

ಕೊಳೆಯಲ್ಲ. ಅದು ಕಣ್ಣೇ. ಗೊಂಬೆಗೆ ವಾರೆಗಣ್ಣು ಇತ್ತು. ಕಣ್ಣೆದುರಿಗಿದ್ದ ಗುರುತಿನ ಮೇಲೆ ನಾನೇ ಬಣ್ಣ ಬಳಿದಿದ್ದೇನೆ.

೧೧ ಮೇ

ವಾರ ಬರೆದಿಲ್ಲ. ಸಿಟ್ಟು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ, ಇವರ ಮೇಲೆ ತೀರಿಸಿಕೊಂಡೆ. ಪಾಪ, ಮೂರು ದಿನ ಉಪ್ಪಿಲ್ಲದ ಸಾರು ಉಂಡು ಸುಮ್ಮನಿದ್ದರು.

ಯಾದಗಿರಿಯ ಕವಿತಾಗೆ ಕೇಳಿದೆ. ಬ್ಯಾಂಕಿನ ಹುಡುಗಿ, ಹಳೇ ಗೊಂಬೆಗಳ ಹುಚ್ಚು, ನಮ್ಮ ವಾಟ್ಸಾಪ್ ಗ್ರೂಪಿನ ಅಡ್ಮಿನ್. ವಾಯ್ಸ್ ಮೆಸೇಜ್ ಹಾಕಿದಳು. "ಆಂಟಿ, ಆ ಕಾಲದಾಗ ಫ್ಯಾಕ್ಟರಿಯೊಳಗ ತಲೀಗೆ ಒಂದು ತೆಳು ಲೋಹದ ಮುಖವಾಡ ಹಾಕ್ತಿದ್ರು. ಹುಬ್ಬು, ತುಟಿ, ಕಣ್ಣಿನ ಬಿಳಿ, ಇಷ್ಟಕ್ಕ ತೂತು. ಮ್ಯಾಲಿಂದ ಸ್ಪ್ರೇ ಹೊಡದ್ರ ಆತು. ಕಣ್ಣಿನ ಗುಡ್ಡಿ ಮಾತ್ರ ಹೆಣ್ಮಕ್ಕಳು ಕೈಲೆ ಇಡ್ತಿದ್ರು, ದಿನಕ್ಕ ನೂರಾರು ತಲಿ. ಮುಖವಾಡ ಒಂದೀಟು ಸರಿದ್ರ ಕಣ್ಣೂ ಸರೀತಿತ್ತು. ಒಂದರಂಗ ಒಂದು ಇರ್ತಿರ್ಲಿಲ್ಲ. ಅದಕ್ಕs ಅವಕ್ಕ ಜೀವ ಇದ್ದಂಗ ಕಾಣ್ತೈತಿ."

ಎರಡು ಸಲ ಕೇಳಿದೆ. ಎಲ್ಲೋ ಯಾವುದೋ ದೇಶದಲ್ಲಿ ಒಬ್ಬಳು, ನನ್ನಂಥವಳೇ, ಪಕ್ಕದವಳ ಜೊತೆ ಹರಟುತ್ತಾ ದಿಲಾವರನಿಗೆ ಚುಕ್ಕೆ ಇಟ್ಟಿದ್ದಾಳೆ. ಸ್ನಾನ ಮಾಡಿ, ಉಸಿರು ಹಿಡಿದು ಅಲ್ಲ.

ಸಿಟ್ಟು ಇಳಿಯಿತು. ನಾನು ಹಚ್ಚಿದ ಬಣ್ಣ ತೆಗೆದೆ. ಗುರುತು ಹಾಗೇ ಇದೆ. ದೇವರು ದೊಡ್ಡವನು.

೧೭ ಮೇ, ಶನಿವಾರ

ತಂಪು ಪಾನೀಯದ ಡಬ್ಬಿ ಕತ್ತರಿಸಿ ಮುಖವಾಡ ಮಾಡಿದೆ. ಎರಡು ಹಾಳಾದವು, ಮೂರನೆಯದು ಸರಿ ಕೂತಿತು. ಬೆರಳು ಎರಡು ಕಡೆ ಕೊಯ್ದಿದೆ, ಇರಲಿ. ಗುರುತಿಗೆ ಸರಿಯಾಗಿ ಎಡಗಡೆ ಎಳ್ಳಷ್ಟು ಕೆಳಗೆ ಜಾರಿಸಿ ಸ್ಪ್ರೇ ಹೊಡೆದೆ. ಹುಬ್ಬು ಬಂತು, ತುಟಿ ಬಂತು, ಕಣ್ಣಿನ ಎರಡು ಬಿಳಿ ಬಂದವು. ಎಡ ಬಿಳಿ ಸರಿಯಾಗಿ ಎಳ್ಳಷ್ಟು ಕೆಳಗೆ. ಆಹಾ!

ಗುಡ್ಡಿ ಇಡಬೇಕು. ಬಿಳಿಯ ನಡುವೆ ಒಂದು ಚುಕ್ಕೆ, ಅಷ್ಟೇ ಕೆಲಸ. ಇಟ್ಟೆ. ನೆಟ್ಟಗೆ ಬಂತು! ಕೈ ತಾನಾಗಿ ಎಡಗಡೆಯ ಚುಕ್ಕೆಯನ್ನು ಮೇಲಕ್ಕೆ ಸರಿಸಿ ನೋಟ ಸರಿಮಾಡಿಬಿಟ್ಟಿದೆ. ಒರೆಸಿದೆ. ಮತ್ತೆ ನೆಟ್ಟಗೆ. ಮತ್ತೆ ಒರೆಸಿದೆ. ನಾಲ್ಕು ಸಲ ಹೀಗೇ. ತಪ್ಪು ಬರೆ ಅಂದರೆ ಈ ಕೈ ಕೇಳುತ್ತಿಲ್ಲ.

ಇವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ನೀ ವಿಚಾರ ಮಾಡಾಕತ್ತೀ, ಅದಕ್ಕ ಹಂಗಾಗಾಕತ್ತೇತಿ. ಗದ್ದಲಿದ್ದ ಬಸ್ಸಿನಾಗ ಟಿಕೆಟ್ ಹರಿಯೋನು ವಿಚಾರ ಮಾಡ್ತಾನೇನು?"

ಹೋಗ್ರಿ ಅತ್ಲಾಗ ಅಂದೆ. ಆದರೆ ಮಾತು ಸರಿ ಇದೆ. ಅವರಿಗೆ ಹೇಳುವುದಿಲ್ಲ.

೨೦ ಮೇ. ಮಧ್ಯಾಹ್ನ

ಇವತ್ತು ನಮ್ಮ ಮನೆ ಫ್ಯಾಕ್ಟರಿ.

ಬೆಳಿಗ್ಗೆಯೇ ಇವರು ಸಂತೆಯಿಂದ ಒಂದು ಚೀಲ ನಿಂಬೆಹಣ್ಣು ತಂದು ಸುರಿದರು. "ಇವೆಲ್ಲ ತಲಿ. ಗುಡ್ಡಿ ಇಡು." ತಲೆ ಕೆಟ್ಟಿದೆ ಅಂದೆ. ಆಮೇಲೆ ಯೋಚಿಸಿದೆ, ಕೆಟ್ಟಿಲ್ಲ. ಎಲ್ಲ ಹಣ್ಣಿಗೂ ಅದೇ ಮುಖವಾಡ ಇಟ್ಟು ಎರಡೆರಡು ಬಿಳಿ ಹೊಡೆದೆ, ಎಡಗಡೆ ಜಾರಿಸಿ. ಒಣಗಿದ ಮೇಲೆ ಇವರು ಒಂದೊಂದೇ ಮುಂದಿಡುತ್ತಾ ಹೋದರು, ನಾನು ಚುಕ್ಕೆ ಇಡುತ್ತಾ ಹೋದೆ. ಮೊದಲ ಹತ್ತು ನೆಟ್ಟಗೆ ಬಂದವು. ಆಗ ಶುರುವಾಯಿತು ಇವರ ಕಂಡಕ್ಟರಿಕೆ. "ಮುಂದ ನಡೀರಿ, ಮುಂದ ನಡೀರಿ! ಹಿಂದ ಜಾಗಾ ಬಿಡ್ರಿ! ಹತ್ತಿಕುಣಿಯೋರು ಯಾರದೀರಿ, ಇಳೀರಿ ಲಗೂನ! ರೈಟ್ ರೈಟ್!" ನನಗೆ ನಗು. ನಗುನಗುತ್ತಾ ಕೈ ಓಡತೊಡಗಿತು. ಚುಕ್ಕೆ ಚುಕ್ಕೆ, ಮುಂದೆ. ಚುಕ್ಕೆ ಚುಕ್ಕೆ, ಮುಂದೆ. ಉಸಿರು ಹಿಡಿಯಲು ಪುರಸೊತ್ತೆಲ್ಲಿ?

ಒಂದು ಹಣ್ಣಿಗೆ ಕಿವಿ ಇತ್ತು.

ಚುಕ್ಕೆ ಇಟ್ಟ ಮೇಲೆಯೇ ಗೊತ್ತಾದದ್ದು. ಇವರು ನಡುವೆ ಸದ್ದಿಲ್ಲದೆ ದಿಲಾವರನ ತಲೆ ಇಟ್ಟುಬಿಟ್ಟಿದ್ದರು. ಬೈಯಲು ಬಾಯಿ ತೆರೆದವಳು ತಲೆಯನ್ನು ಬೆಳಕಿಗೆ ಹಿಡಿದೆ. ದಿಲಾವರ ನನ್ನನ್ನು ನೋಡುತ್ತಿರಲಿಲ್ಲ. ನನ್ನ ಭುಜದ ಆಚೆ, ಅಡುಗೆಮನೆಯ ಕಡೆ ನೋಡುತ್ತಿದ್ದ.

ಇವರನ್ನು ಅಪ್ಪಿಕೊಂಡೆ. ಮದುವೆಯಾಗಿ ಮೂವತ್ತು ವರ್ಷವಾದ ಮೇಲೆ ಹಾಡುಹಗಲೇ ಇದೇನು ಅಂತ ಅವರೇ ನಾಚಿಕೊಂಡರು.

೨೧ ಮೇ

ಬೆಳಿಗ್ಗೆ ಓಣಿಯಲ್ಲಿ ಗದ್ದಲ. ಕಣ್ಣಿಟ್ಟ ನಿಂಬೆಹಣ್ಣುಗಳನ್ನು ಇವರು ನಿನ್ನೆ ಬುಟ್ಟಿಸಮೇತ ಮೂರು ದಾರಿ ಕೂಡುವಲ್ಲಿನ ಕಸದ ಗುಂಡಿಗೆ ಸುರಿದು ಬಂದಿದ್ದಾರೆ! ನಮ್ಮೂರಲ್ಲಿ ಮೂರು ದಾರಿ ಕೂಡುವಲ್ಲಿ ಒಂದು ನಿಂಬೆಹಣ್ಣು ಕಂಡರೇ ಜನ ಸುತ್ತು ಹಾಕಿ ಹೋಗುತ್ತಾರೆ. ಇಲ್ಲಿ ಐವತ್ತು, ಎಲ್ಲಕ್ಕೂ ಕಣ್ಣು, ಹತ್ತು ಬಿಟ್ಟರೆ ಎಲ್ಲ ವಾರೆಗಣ್ಣು. ಆಚೆಮನೆ ಹಂಪಮ್ಮ ಹಾಲಿನ ಪಾತ್ರೆ ಕೈಬಿಟ್ಟು ಓಡಿದ್ದಾಳೆ. "ಯಾರೋ ಮಾಟ ಮಾಡ್ಸ್ಯಾರ! ಎತ್ತ ಹೋದ್ರೂ ನನ್ನs ನೋಡಾಕತ್ತಾವ!"

ಇವರು ತಲೆ ತಗ್ಗಿಸಿ ನಿಜ ಹೇಳಿದರು. ಹಂಪಮ್ಮ ನಂಬಲಿಲ್ಲ. ಒಳಗೆ ಕರೆದು, ಅವಳ ಕಣ್ಣೆದುರೇ ಒಂದು ಹಣ್ಣಿಗೆ ಚುಕ್ಕೆ ಇಟ್ಟು ತೋರಿಸಿದೆ. ಆಗ ಉಸಿರು ಬಿಟ್ಟಳು. ಹೋಗುವಾಗ ಮೆಲ್ಲಗೆ, "ಗುರುದೇವಿ, ನಮ್ಮ ಗೇಟಿಗೆ ಕಟ್ಟಾಕ ಇಂಥದs ಒಂದು ಬರ್ಕೊಡ. ಯಾರ ದೃಷ್ಟಿ ತಾಗ್ತೈತಿ ನೋಡೂಣು."

ಎರಡು ಬರೆದುಕೊಟ್ಟೆ. ಹಾಲು ನಮ್ಮನೆಯಿಂದಲೇ ಕೊಟ್ಟೆ.

೨೫ ಮೇ

ಭಾಯಿ ಬಂದು ದಿಲಾವರನನ್ನು ಒಯ್ದರು. ಕೈಗೆ ಕೊಟ್ಟಾಗ ಕನ್ನಡಕ ತೆಗೆದು ಒರೆಸಿದರು, ಹಾಕಿದರು, ಮತ್ತೆ ಒರೆಸಿದರು. "ನಾ ಏನೂ ಹೇಳಂಗಿಲ್ರಿ. ಆಪಾ ಹೇಳ್ಲಿ. ಹಬ್ಬದ ಮರುದಿನ ನೀವೂ ಬರಬೇಕು, ಆಕೀ ಮುಂದ ಎಲ್ಲಾ ನಿಜ ಹೇಳಾವ ಅದೀನಿ. ಮಾರಿ ಬರದೋರು ಇವ್ರು ಅಂತ ನಿಮ್ಮನ್ನ ತೋರಿಸ್ಬೇಕು."

ನಾಲಿಗೆ ಮತ್ತೆ "ಆತ್ರಿ" ಅಂತು.

೮ ಜೂನ್, ಭಾನುವಾರ. ಸಂಜೆ ೫

ಈಗಷ್ಟೇ ಸುರಪುರದಿಂದ ಬಂದೆ. ಕಾಲು ತೊಳೆದಿಲ್ಲ. ಮೊದಲು ಬರೆಯಬೇಕು.

ಆಪಾ ಎತ್ತರದ ಹೆಂಗಸು, ದೊಡ್ಡ ದನಿ. ನಾನು ಹೋದಾಗ ಶೀರಕುರ್ಮಾ ಪಾಯಸದ ಬಟ್ಟಲು ಹಿಡಿದು ಭಾಯಿಯ ಅಂಗಡಿಯೊಳಗೆ ಕೂತಿದ್ದಳು. ದಿಲಾವರ ಹೊಲಿಗೆ ಮಿಷನ್ನಿನ ಮೇಲೆ, ಶೇರ್ವಾನಿ ಇಸ್ತ್ರಿಯಾಗಿತ್ತು. ಅವಳಿನ್ನೂ ಅತ್ತ ನೋಡಿರಲಿಲ್ಲ. ಭಾಯಿಯ ಹಣೆಯಲ್ಲಿ ಬೆವರು.

ನೋಡಿದಳು. ಬಟ್ಟಲು ಕೆಳಗಿಟ್ಟಳು. ಎದ್ದು ಹೋಗಿ ದಿಲಾವರನನ್ನು ಎತ್ತಿಕೊಂಡಳು. ಒಂದು ಗಳಿಗೆ ಮುಖ ನೋಡಿದಳು, ಎದೆಗೆ ಒತ್ತಿಕೊಂಡಳು. ಆಮೇಲೆ ತಮ್ಮನ ಬೆನ್ನಿಗೆ ಗುದ್ದಿದಳು ನೋಡು — ಓಣಿಗೆಲ್ಲ ಕೇಳಿಸಬೇಕು!

"ಝೂಟಾ! ಎಣ್ಣ್ಯಾಗ ತೊಳದೆ, ಮಾರಿ ಹೋತು, ಎಸದೆ ಅಂದಿ! ಇಷ್ಟು ವರ್ಷ ನನ್ನ ದಿಲಾವರನ್ನ ಬಚ್ಚಿಟ್ಕೊಂಡು ಕುಂತಿದ್ದೇನೋ ಕಳ್ಳಾ? ಕೂದಲು ಕೊಂಕಿಲ್ಲ! ಮಾರಿ ಹೆಂಗಿತ್ತೋ ಹಂಗs ಐತಿ!"

ಭಾಯಿ ಬಾಯಿ ತೆರೆದರು. ಹೇಳಬೇಕೆಂದು ಕಲಿತಿಟ್ಟ ಮಾತೆಲ್ಲ ಹೊರಬೀಳುವುದರಲ್ಲಿತ್ತು. ನನ್ನ ಕಡೆ ನೋಡಿದರು. ನಿಜ ಹೇಳಿದರೆ ಅವಳ ಕೈಯಲ್ಲಿರುವುದು ನಾನು ಬರೆದ ಮುಖ. ಹೇಳದಿದ್ದರೆ ದಿಲಾವರ. ನಾನು ಬೇಡ ಅಂತ ತಲೆ ಅಲ್ಲಾಡಿಸಿದೆ. ಅವರು ಕಣ್ಣು ತುಂಬಿಕೊಂಡು, ಕಿವಿ ಹಿಡಿದುಕೊಂಡು, "ಹೌದು ಆಪಾ. ಬಚ್ಚಿಟ್ಟಿದ್ದೆ. ಮಾಫ್ ಮಾಡು" ಅಂದರು. ಇನ್ನೊಂದು ಗುದ್ದು ಬಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಗುತ್ತಾ ಅತ್ತರು. ನನಗೂ ಅಳು ಬಂತು, ಸಂತೋಷಕ್ಕೆ.

ಕಣ್ಣೊರೆಸಿಕೊಂಡು ಆಪಾ ನನ್ನ ಕಡೆ ತಿರುಗಿದಳು. "ಈ ಬಾಯಾರು ಯಾರು?"

ಭಾಯಿಗಿಂತ ಮೊದಲು ನಾನೇ ಹೇಳಿದೆ. "ಜಂಪರ್ ಹೊಲಿಸಾಕ ಬಂದೇನ್ರಿ."

ರವಿಕೆಯ ಅಳತೆಯನ್ನೂ ಕೊಟ್ಟು ಬಂದೆ! ಬಸ್ಸಿನಲ್ಲಿ ಶಹಾಪುರದವರೆಗೂ ಒಬ್ಬಳೇ ನಗುತ್ತಾ ಬಂದೆ. ಪಕ್ಕದಲ್ಲಿದ್ದವಳು ಸರಿದು ಕೂತಳು. ನನ್ನ ಜೀವಮಾನದಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ಮಾಡಿಲ್ಲ, ಮಾಡಿದವಳು ನಾನು ಅಂತ ಆಪಾಗೆ ಗೊತ್ತಾಗುವುದೇ ಇಲ್ಲ. ಎಷ್ಟು ಹಿಗ್ಗಾಗುತ್ತಿದೆ ಅಂದರೆ —

ಗೇಟಿನ ಸದ್ದು. ಇವರು ಬಂದರು. ತಡಿ, ಇವರಿಗೆ ಹೇಳದಿದ್ದರೆ ಹೊಟ್ಟೆ ಉಬ್ಬಿ ಒಡೆದೀತು.