ಮೊಣಕಾಲುದ್ದ ನೀರಿನಲ್ಲಿ ಮುಳುಗಿದವನ ಹೆಸರು

ಮಾನ್ಯ ಮರೀನ್ ರೆಜಿಮೆಂಟಿನ ಇತಿಹಾಸಾಧಿಕಾರಿಗಳೇ,

ನನ್ನ ಅತ್ತೆ ಪುಟ್ಟಮ್ಮನವರನ್ನು ತಾವು ‘ಅನಧಿಕೃತ ಶತ್ರು’ ಎಂದು ಘೋಷಿಸಿದ್ದೀರಿ. ಮುಂದಿನ ಬೇಸಿಗೆಯ ವಿಜಯೋತ್ಸವದ ದಿನ ಅವರು ಸೊಲಿಹಲ್‌ನ ನಮ್ಮ ಪಾರ್ಕಿನ ಕೆರೆದಂಡೆಗೆ ಕಾಲಿಡಬಾರದೆಂದು ತಾಕೀತು ಮಾಡಿದ್ದೀರಿ. ಅದನ್ನು ಪ್ರತಿಭಟಿಸಿ ಈ ಪತ್ರ. ಇಂಗ್ಲಿಷಿನಲ್ಲಿ ಬರೆದದ್ದು ತಮಗೆ ಅರ್ಥವಾದಂತೆ ಕಾಣಲಿಲ್ಲ. ಆದ್ದರಿಂದ ಈ ಸಲ ಕನ್ನಡದಲ್ಲಿ.

ತಮ್ಮ ರೆಜಿಮೆಂಟು ಹಿಂದೊಮ್ಮೆ ದೂರದ ದ್ವೀಪವೊಂದಕ್ಕೆ ದೋಣಿಗಳಲ್ಲಿ ನುಗ್ಗಿ ಪದಕಗಳ ಗೊಂಚಲನ್ನೇ ಗೆದ್ದುಕೊಂಡಿತು. ಅದನ್ನು ಪ್ರತಿವರ್ಷ ಆಡಿ ತೋರಿಸುತ್ತೀರಿ. ಇಂಗ್ಲೆಂಡಿನ ನಟ್ಟನಡುವಿನ ನಮ್ಮ ಮಿಡ್‌ಲ್ಯಾಂಡ್ಸ್‌ಗೆ ಸಮುದ್ರವಿಲ್ಲವಾಗಿ ಬಾತುಕೋಳಿಗಳ ಕೆರೆಯೇ ಸಮುದ್ರ, ಆಚೆ ದಂಡೆಯ ಬೆಂಚೇ ಶತ್ರುದೇಶ. ಆ ಬೆಂಚಿನಲ್ಲಿ, ಬೇಸಿಗೆ ಕಳೆಯಲು ಊರಿನಿಂದ ನಮ್ಮಲ್ಲಿಗೆ ಬರುವ ಅತ್ತೆ ಮತ್ತು ನಮ್ಮ ಪಕ್ಕದ ಮನೆಯ ಮುದುಕರು ಡೆರೆಕ್ ದಿನವೂ ಕೂರುತ್ತಾರೆ. ಅವರಿಗೆ ಕನ್ನಡ ಬಾರದು, ಇವರಿಗೆ ಇಂಗ್ಲಿಷ್ ಬಾರದು. ಚಕ್ಕುಲಿಯಿಂದ ಕೆಲಸ ನಡೆಯುತ್ತದೆ.

ಈ ವರ್ಷ ಯುದ್ಧಕ್ಕೆ ಮುಂಚೆ ತಮ್ಮ ಮೇಜರ್ ಬಂದು ಬೆಂಚು ಖಾಲಿ ಮಾಡಲು ಹೇಳಿದರು. ಮಂಡಿನೋವು, ಏಳಲಾರೆ ಎಂದು ಅತ್ತೆ ನನ್ನಿಂದ ಹೇಳಿಸಿದರು. ಹಾಗಾದರೆ ಶತ್ರುವಾಗಿಯೇ ಇರಿ, ದೋಣಿ ಬಂದಾಗ ಕೈಯೆತ್ತಿ ಶರಣಾದರೆ ಸಾಕು ಎಂದು ಆತ ರಾಜಿಗೆ ಬಂದರು. ಶತ್ರುವಾಗಿ ತಾನು ಯಾವ ದೇಶದವಳು ಎಂದು ಅತ್ತೆ ವಿಚಾರಿಸಿದರು. ಅದರ ಬಗ್ಗೆ ಮೇಲಿನಿಂದ ಸೂಚನೆಯಿಲ್ಲ ಎಂದರು ಮೇಜರ್. ಮೇಜರೇ ನೇಮಿಸಿದ ಶತ್ರು ಅನಧಿಕೃತರಾದದ್ದು ಹೇಗೆ, ಮಾನ್ಯರೇ?

ರಬ್ಬರ್ ದೋಣಿಗಳು ಹೊರಟವು. ‘ಒಬ್ಬನೇ ಒಬ್ಬ ಯೋಧನನ್ನೂ ಕಳೆದುಕೊಳ್ಳದೆ’ ಎಂದು ಮೈಕು ಘೋಷಿಸುತ್ತಿದ್ದಂತೆ ಯೋಧರೊಬ್ಬರು ನಮ್ಮೆದುರೇ ಜಾರಿ ಬಿದ್ದರು. ಆತ ನಿಜದ ಸೈನಿಕರಲ್ಲ, ವಾರವಿಡೀ ಮಾರ್ಟ್‌ಗೇಜ್ ಎಂಬ ಮನೆಸಾಲದ ಸಲಹೆ ಕೊಡುವವರಂತೆ. ನೀರು ಮೊಣಕಾಲುದ್ದ, ಆದರೆ ಬೆನ್ನಿನ ಮೂಟೆ ಅವರನ್ನು ಬೋರಲು ಅದುಮಿ ಹಿಡಿದಿತ್ತು. ಜನ ಅಭಿನಯ ಮೆಚ್ಚಿ ಚಪ್ಪಾಳೆ ತಟ್ಟಿದರು. ಏಳಲಾರದ ನನ್ನ ಅತ್ತೆ ಸೀರೆ ಎತ್ತಿ ಕಟ್ಟಿ ನೀರಿಗಿಳಿದು, ಮೂಟೆಯ ಪಟ್ಟಿ ಹಿಡಿದು ಅವರನ್ನು ದಡಕ್ಕೆ ಎಳೆದರು. ಶತ್ರುಗಳು ದಯವಿಟ್ಟು ನೀರಿಗೆ ಇಳಿಯಬಾರದು ಎಂದು ಮೈಕು ವಿನಂತಿಸಿತು.

ಆಗ ಡೆರೆಕ್ ಬೆಂಚಿನಿಂದ ಎದ್ದು ನಿಂತರು. “ಟೆರಿ ಹೋದದ್ದು ಹೀಗೇ,” ಎಂದರು.

ಆ ದ್ವೀಪಕ್ಕೆ ನುಗ್ಗಿದ ದಿನ ಅವರೂ ದೋಣಿಯಲ್ಲಿದ್ದರೆಂದು ನಮಗೆ ತಿಳಿದದ್ದು ಅವತ್ತೇ. ಅವರ ಗೆಳೆಯ ಟೆರಿ ದಡದ ಹತ್ತಿರ ಜಾರಿದ. ಭಾರ ಅವನನ್ನು ಏಳಗೊಡಲಿಲ್ಲ. ಯಾರೂ ನಿಲ್ಲಕೂಡದೆಂಬ ಆಜ್ಞೆಯಿತ್ತು. ತಾವು ಬರೆಸಿದ ರೆಜಿಮೆಂಟಿನ ಇತಿಹಾಸದಲ್ಲಿ ಮಾತ್ರ ಟೆರಿ ಹಿಂದಿನ ದಿನವೇ, ತಾಲೀಮಿನಲ್ಲಿ ಸತ್ತಿದ್ದಾನೆ. ಮುಹೂರ್ತವನ್ನು ಹಿಂದುಮುಂದು ಮಾಡುವ ಜೋಯಿಸರನ್ನು ನಾನು ಕಂಡಿದ್ದೇನೆ. ವಿಜಯಕ್ಕೆ ಕಳಂಕ ಬರದಂತೆ ಸಾವನ್ನೇ ಹಿಂದಕ್ಕೆ ಸರಿಸಿದವರನ್ನು ಕಂಡಿರಲಿಲ್ಲ.

“ಯಾರ ಮಗನಂತೆ, ಕೇಳಮ್ಮ,” ಎಂದರು ಅತ್ತೆ.

ನಾನು ಕೇಳಿದೆ.

“ಲೀಡ್ಸ್‌ನಲ್ಲಿ ಬಸ್ ಕಂಡಕ್ಟರ್ ಆಗಿದ್ದ ಹೆಂಗಸಿನ ಮಗ. ಅವಳಿಗೆ ನಿಜ ಹೇಳುವುದಕ್ಕೆ ನಮ್ಮನ್ನು ಬಿಡಲಿಲ್ಲ.”

ಅತ್ತೆ ಒದ್ದೆ ಸೆರಗು ಹಿಂಡಿಕೊಂಡು, ಡೆರೆಕ್‌ರನ್ನು ಬೆಂಚಿನಲ್ಲಿ ಕೂರಿಸಿ ಪಕ್ಕದಲ್ಲಿ ಕೂತರು. ಕತ್ತಲಾಗುವವರೆಗೂ ಇಬ್ಬರೂ ಏಳಲಿಲ್ಲ.

ಇದನ್ನೆಲ್ಲ ಹಿಂದಿನ ಇಂಗ್ಲಿಷ್ ಪತ್ರದಲ್ಲಿ ವಿವರಿಸಿ ಬರೆದೆ. ಇತಿಹಾಸ ಈಗಾಗಲೇ ರಟ್ಟು ಕಟ್ಟಿ ಮಾರಾಟಕ್ಕಿದೆ, ತಿದ್ದಲಾಗದು ಎಂದಿರಿ. ಜೊತೆಗೆ ಸುರಕ್ಷತಾ ನಿಯಮ ಮುರಿದರೆಂದು ಅತ್ತೆಯನ್ನು ನಿಷೇಧಿಸಿದಿರಿ. ಬದುಕಿದ ಮಾರ್ಟ್‌ಗೇಜ್ ಸಲಹೆಗಾರರಿಂದ ಮಾತ್ರ ಹೂಗುಚ್ಛ ಬಂತು.

ನನ್ನ ಬೇಡಿಕೆ ಚಿಕ್ಕದು. ಮುಂದಿನ ಬೇಸಿಗೆಯಲ್ಲಿ ದೋಣಿಗಳು ದಡ ಮುಟ್ಟುವ ಮೊದಲು ಟೆರಿಯ ಹೆಸರನ್ನು ಮೈಕಿನಲ್ಲಿ ಹೇಳಿ. ಅವನು ಸತ್ತ ನಿಜವಾದ ದಿನವನ್ನೂ ಹೇಳಿ. ಅತ್ತೆ ಮತ್ತೆ ವೀಸಾಕ್ಕೆ ಅರ್ಜಿ ಹಾಕಿಸುತ್ತಿದ್ದಾರೆ. ಭೇಟಿಯ ಉದ್ದೇಶ ‘ಯುದ್ಧ’ ಎಂದು ಬರೆಸಬೇಡಮ್ಮ ಎಂದು ನನ್ನ ಗಂಡ ಬೇಡಿಕೊಂಡಿದ್ದಾರೆ. ಡೆರೆಕ್ ಇಷ್ಟು ವರ್ಷ ಮುಟ್ಟದ ತಮ್ಮ ಪದಕಗಳನ್ನು ಅಂದು ಧರಿಸಿ ಬರುತ್ತಾರಂತೆ. ಅವರು ಯಾವ ದಂಡೆಯಲ್ಲಿ ಕೂರಬೇಕು ಎಂಬುದನ್ನು ತಾವೇ ತೀರ್ಮಾನಿಸಿ.

ಇಂತಿ,
ತಮ್ಮ ಇತಿಹಾಸವನ್ನು ಕೊಂಡು, ಕೊನೆಯ ಪುಟದವರೆಗೂ ಓದಿದ ಬಹುಶಃ ಏಕೈಕ ದುರದೃಷ್ಟವಂತೆ,
ಹೇಮಲತಾ
ಸೊಲಿಹಲ್