ಗ್ರೈಂಡರಿಗೆ ಅರ್ಧ ಗಂಟೆ

ಮಾರ್ಚ್ 17, ಸೋಮವಾರ, ಬೆಳಿಗ್ಗೆ 7

ಮೀಟರ್ 18,412. ಇನ್ನು ಒಂದು ವಾರ ದಿನಾ ಇದೇ ಹೊತ್ತಿಗೆ ಬರೆದಿಡಬೇಕು — ಸೋಲಾರ್ ಕಂಪನಿಯ ಹುಡುಗಿ ಯಕ್ಷಿತಾಳ ಅಪ್ಪಣೆ. ದಿನಕ್ಕೆ ಎಷ್ಟು ಕರೆಂಟು ಬೇಕು ಅಂತ ಗೊತ್ತಾದರೆ ಟೆರೇಸಿಗೆ ಎಷ್ಟು ಪ್ಯಾನೆಲ್ ಅಂತ ಹೇಳುತ್ತಾಳಂತೆ.

ಅವಳು ಕೊಟ್ಟ ಫಾರ್ಮನ್ನು ಇವರೇ ತುಂಬಿದ್ದಾರೆ. ಯಜಮಾನ: ಸದಾನಂದ. ಎಸಿ ಎಷ್ಟು ಗಂಟೆ, ಟೀವಿ ಎಷ್ಟು ಗಂಟೆ... ಫೋನಿನ ಚಾರ್ಜರ್ ಕೂಡ ಬಿಟ್ಟಿಲ್ಲ. ಒಟ್ಟು ಆರೂವರೆ ಯುನಿಟ್. ಕೊನೆಯ ಸಾಲು: ಗ್ರೈಂಡರ್ — ಅರ್ಧ ಗಂಟೆ.

ಅರ್ಧ ಗಂಟೆ! ಮುಂಬೈಯ ಈ ಮುಲುಂಡ್ ಸ್ಟೇಶನ್ ಹತ್ತಿರದ ಇವರ ಹೋಟೆಲಿನಲ್ಲಿ ಗ್ರೈಂಡರ್ ಇಡಲು ಜಾಗವಿಲ್ಲ. ಹನ್ನೆರಡು ವರ್ಷದಿಂದ ಅಲ್ಲಿಯ ಇಡ್ಲಿ, ದೋಸೆಯ ಹಿಟ್ಟೆಲ್ಲ ಈ ಮನೆಯಲ್ಲೇ ಅರೆಯುತ್ತಿದ್ದೇನೆ. ದಿನಕ್ಕೆ ಏಳು ಸುತ್ತು. ಒಂದೊಂದು ಸುತ್ತಿಗೆ ನಲವತ್ತು ನಿಮಿಷ. ಹೇಳಿದೆ. ಕೇಳಿಸಿಕೊಂಡರಾ?

"ಎಂತ ಮಾರಾಯ್ತಿ, ಸ್ವಿಚ್ ಹಾಕಿದ್ರೆ ಅದೇ ತಿರುಗ್ತದೆ. ಅದ್ರಲ್ಲಿ ನಿಂಗೆಂತ ಕೆಲಸ ಉಂಟು?"

ಮೈಯೆಲ್ಲ ಉರಿಯಿತು. ಒಂದು ಕಿಲೋ ಉದ್ದಿಗೆ ಎಷ್ಟು ಇಡ್ಲಿ ಅಂತ ಕಣ್ಣು ಮುಚ್ಚಿ ಹೇಳುವ ಗಂಡಸು!

18, ಮಂಗಳವಾರ

18,422. ಹತ್ತು ಯುನಿಟ್.

ಫಾರ್ಮಿನ ಲೆಕ್ಕಕ್ಕೂ ಇದಕ್ಕೂ ತಾಳಮೇಳವೇ ಇಲ್ಲ. ಇವರ ಪ್ರಕಾರ ಮೀಟರೇ ಹಾಳಂತೆ. ಯಾರೋ ಲೈನಿಗೆ ಕೈ ಹಾಕಿದ್ದಾರಂತೆ. ಗ್ರೈಂಡರ್ ಅಂದೆ. "ನೀನು ಸುಮ್ನಿರು." ಯಕ್ಷಿತಾಳಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದರು.

"ಅಂಕಲ್, ರೋಜ್ ಒಂದೊಂದು ಚೀಜ್ ಬಂದ್ ಮಾಡಿ ನೋಡಿ ನಾ. ಯಾವ್ದು ಜಾಸ್ತಿ ಕರೆಂಟ್ ತಿಂತದೆ, ಪತಾ ಚಲೇಗಾ, ಗೊತ್ತಾಗ್ತದೆ."

ಇವರ ತೀರ್ಮಾನ: ಇವತ್ತು ಗೀಸರ್ ಬಂದ್, ನಾಳೆ ನನ್ನ ಇಸ್ತ್ರಿಪೆಟ್ಟಿಗೆ. ಎಸಿ ಮುಟ್ಟುವಂತಿಲ್ಲ.

21, ಶುಕ್ರವಾರ

ಗೀಸರ್ ಇಲ್ಲದ ದಿನ ಒಂಬತ್ತು. ತಣ್ಣೀರು ಮಿಂದವಳು ನಾನು. ಇಸ್ತ್ರಿ ಇಲ್ಲದ ದಿನ ಹತ್ತಕ್ಕೆ ಚೂರು ಕಡಿಮೆ. ನಿನ್ನೆ ಏನನ್ನೂ ಬಂದ್ ಮಾಡಲಿಲ್ಲ — ಪುನಃ ಹತ್ತು.

ಹನ್ನೆರಡು ವರ್ಷ. ಎರಡು ಮಂಡಿಯೂ ಸವೆದಿವೆ. ಉಗುರಿನ ಸಂದಿಯಿಂದ ಉದ್ದಿನ ವಾಸನೆ ಹೋಗುವುದಿಲ್ಲ. ಚಾರ್ಜರಿಗಿರುವ ಬೆಲೆಯೂ ನನಗಿಲ್ಲ. ಆ ಫಾರ್ಮು ಕಂಡರೆ ಹರಿದು ಹಾಕುವ ಅನಿಸುತ್ತದೆ.

ಇವತ್ತು ಅಕ್ಕಿ ನೆನೆಹಾಕಿಲ್ಲ. ಉದ್ದೂ ಇಲ್ಲ.

22, ಶನಿವಾರ, ಬೆಳಿಗ್ಗೆ 7

ಆರು! ಬರೀ ಆರು ಯುನಿಟ್.

ನಿನ್ನೆ ಸಂಜೆ ಐದಕ್ಕೆ ದಿನದಂತೆ ಕ್ಯಾನು ಹಿಡಿದುಕೊಂಡು ಬಂದರು.

"ಸೇವಂತಿ, ಹಿಟ್ಟೆಲ್ಲುಂಟು?"

"ದಿನಕ್ಕೊಂದು ಬಂದ್ ಮಾಡ್ಲಿಕ್ಕೆ ಹೇಳಿದ್ದು ನೀವೇ ಅಲ್ವಾ? ಇವತ್ತು ಗ್ರೈಂಡರಿನ ಸರದಿ."

"ತಲೆ ಸರಿ ಉಂಟಾ ನಿಂಗೆ? ನಾಳೆ ಗಿರಾಕಿಗಳಿಗೆ ಎಂತ ಕೊಡುದು?"

"ಅರ್ಧ ಗಂಟೆಯ ಕೆಲಸ ಅಲ್ವಾ? ನೀವೇ ಅರೀರಿ."

ಹೋಟೆಲಿನಲ್ಲಿ ಇವತ್ತು ಇಡ್ಲಿಯಿಲ್ಲ, ದೋಸೆಯಿಲ್ಲ. ಉಪ್ಪಿಟ್ಟು, ಶೀರಾ. ನನಗೆ ಪಾಪ ಅನಿಸಲೇ ಇಲ್ಲ. ಬೆಳಿಗ್ಗೆ ಹೋಟೆಲಿಗೆ ಹೋಗುವ ಮುಂಚೆ ಮುಖ ಗಂಟು ಹಾಕಿಕೊಂಡು ತಾವೇ ಅಕ್ಕಿ, ಉದ್ದು ನೆನೆಹಾಕಿ ಹೋಗಿದ್ದಾರೆ.

ಅದೇ ದಿನ, ಮಧ್ಯಾಹ್ನ 12

ಹೋಟೆಲಿನಿಂದ ಬಂದು ಹನ್ನೊಂದೂಕಾಲಿಗೆ ಸ್ವಿಚ್ ಹಾಕಿದರು. ಕೂತದ್ದು ನನ್ನ ಮಣೆಯ ಮೇಲೆ. ಚೂರುಚೂರು ನೀರು ಹಾಕಬೇಕು, ಅಂಚಿಗೆ ಹತ್ತಿದ್ದನ್ನು ಕೆರೆದು ಒಳಗೆ ತಳ್ಳಬೇಕು. ಅದೇ ತಿರುಗುತ್ತದಲ್ಲ, ನೋಡಲಿ. ಐದೇ ನಿಮಿಷಕ್ಕೆ ಬನಿಯನ್ ಒದ್ದೆ. ನಾನು ಬಾಗಿಲಲ್ಲಿ ನಿಂತೆ, ಕೈ ಹಾಕಲಿಲ್ಲ.

ಅರ್ಧ ಗಂಟೆಯಾದದ್ದೇ ತಲೆಯೆತ್ತಿದರು. "ಆಯ್ತಾ?"

"ಇದು ಬರೀ ಮೊದಲ್ನೇ ಸುತ್ತು. ಅದೂ ಆಗ್ಲಿಲ್ಲ ಇನ್ನು."

ನೆನೆದ ಅಕ್ಕಿ, ಉದ್ದಿನ ಉಳಿದ ಪಾತ್ರೆಗಳನ್ನು ಒಂದೊಂದಾಗಿ ನೋಡಿದರು.

"ಆ ಫಾರ್ಮು ತಾ."

"ಕೈ ತೊಳ್ದು ನೀವೇ ತನ್ನಿ."

ತಂದರು! ಅರ್ಧ ಗಂಟೆಯನ್ನು ಹೊಡೆದು ಹಾಕಿದರು. ಈಗ ಪೆನ್ನು ಹಿಡಿದು ನನ್ನ ಮುಖ ನೋಡುತ್ತಿದ್ದಾರೆ. "ಎಷ್ಟು ಬರೀಲಿ?"

ಬಾಯಿ ಬಿಡುವುದಿಲ್ಲ ನಾನು. ಇನ್ನೂ ಆರು ಸುತ್ತಿದೆ. ಅರೆದು ಮುಗಿದ ಮೇಲೆ ಎಷ್ಟು ಗಂಟೆ ಅಂತ ಅವರೇ ಬರೆಯಲಿ.