ನಿಧಾನವಾಗಿ ಬೀಳುವ ಪಾಠ

ಅದೇ ಮನೂಬಿಯಾ, ನಿನ್ನೆಯ ಕಾಗದದಲ್ಲಿ ಬರೆದಿದ್ದೆನಲ್ಲ, ಓಡುವುದಕ್ಕೆ ಮೊದಲು ನಮ್ಮ ಮಗಳು ನಿಧಾನವಾಗಿ ಬೀಳುವುದನ್ನು ಕಲಿಯಬೇಕಂತೆ. ನೀನು ತೀರಿಕೊಂಡ ಮೇಲೆ ಹರಿಯಿತಲ್ಲ ಅವಳ ಎಡತೊಡೆಯ ಸ್ನಾಯು, ಅದನ್ನು ಹೊಲಿದು ಆರು ತಿಂಗಳಾಯಿತು. ವ್ಯಾಯಾಮದ ಚೀಟಿ ಇಂಗ್ಲಿಷಿನಲ್ಲಿದೆ. ಕಾಲೇಜಿನಲ್ಲಿ ಕಲಿತದ್ದರಲ್ಲಿ ‘ಸ್ಲೋಲಿ’ ಒಂದು ನೆನಪಿತ್ತು, ಅಷ್ಟೇ ಸಾಕಾಯಿತು.

ಇವತ್ತು ಮಾಳಿಗೆಯ ಮೇಲೆ ಶೈಮಾ ಮಂಡಿಯೂರಿದಳು. ನಾನು ಹಿಂದೆ ಕೂತು ಎರಡೂ ಹಿಮ್ಮಡಿ ಅದುಮಿ ಹಿಡಿದೆ. ಐದು ಎಣಿಸುವವರೆಗೆ ಬೀಳದೆ ಮುಂದಕ್ಕೆ ಬಾಗಿದರೆ ಜೋರಾಗಿ ಓಡಬಹುದು ಅಂತ ವ್ಯಾಯಾಮ ಕಲಿಸುವಾಕೆ ಹೇಳಿದ್ದಾಳೆ.

“ಬಾಬಾ, ಕುರಿ ಹಿಡಿದ ಹಾಗೆ ಹಿಡೀಬೇಡ!”

“ಕುರಿ ಇಷ್ಟು ಮಾತಾಡಲ್ಲ ಕಣೇ. ಒಂದು...”

ಎಂಥ ವಿಚಿತ್ರ ನೋಡು, ಅವಳು ಕೆಳಗೆ ಬಾಗಿದಷ್ಟೂ ಹಿಮ್ಮಡಿ ನನ್ನ ಅಂಗೈಯನ್ನು ಮೇಲಕ್ಕೆ ಒತ್ತುತ್ತಿತ್ತು. ಎಡಗಾಲೂ ಬಲಗಾಲಿನಷ್ಟೇ ಜೋರು! ಆರಕ್ಕೆ ಎದೆ ನೆಲ ಮುಟ್ಟಿತು.

“ಈಗ ಬೀದೀಲಿ ಓಡ್ತೀನಿ. ಮೊದಲಿನ ಹಾಗೇ ಓಡ್ತೀನಾ, ಮೇಲಿಂದ ನೋಡಿ ಹೇಳು” ಎಂದು ಇಳಿದುಹೋದಳು.

ಹೂಂ ಎಂದೆ. ಒಂಬತ್ತು ವರ್ಷ ಅವಳನ್ನು ಸ್ಫಾಕ್ಸ್ ಪಟ್ಟಣದ ಓಟದ ಮೈದಾನಕ್ಕೆ ಕರೆದೊಯ್ದವಳು ನೀನು. ನನಗೆ ಬಾದಾಮಿ ಮಾರುವ ಅಂಗಡಿಯೇ ಆಯಿತು, ಒಮ್ಮೆಯೂ ಬಂದು ನೋಡಲಿಲ್ಲ. ಮೊದಲು ಹೇಗೆ ಓಡುತ್ತಿದ್ದಳು ಮನೂಬಿಯಾ? ಕೈ ಹೇಗೆ ಬೀಸುತ್ತಿದ್ದಳು? ತಲೆ ಎತ್ತುತ್ತಿದ್ದಳಾ, ತಗ್ಗಿಸುತ್ತಿದ್ದಳಾ?

ಬೆಳಕು ಹೋಗುತ್ತಿದೆ. ಕೆಳಗೆ ಬೂಟಿನ ದಾರ ಕಟ್ಟಿ ಎದ್ದಳು. ಪೆನ್ನು ಇಡುತ್ತೇನೆ, ಇದನ್ನಾದರೂ ನೋಡಬೇಕು.